ಹೊಗೆ ಬಿಟ್ಟೆ, ಆವಿ ಹಿಡಿದೆ

2016ರ ಡಿಸೆಂಬರ್. ಘಾಟ್ಕೋಪರಿನಲ್ಲಿ ನಮ್ಮ ಊರಿನವರ ತಾಳಮದ್ದಳೆ. ಪ್ರಸಂಗ ಕರ್ಣಪರ್ವ, ನನ್ನದು ಶಲ್ಯ. ಕರ್ಣನನ್ನು ಚುಚ್ಚಿ ಮಾತಾಡಲು ಶಲ್ಯನಿಗೆ ಎಷ್ಟು ಅವಕಾಶವಿದೆ ಎಂಬುದು ತಾಳಮದ್ದಳೆ ಕೇಳುವವರಿಗೆ ಗೊತ್ತು. ವಾರವಿಡೀ ಲೋಕಲ್ ಗಾಡಿಯಲ್ಲಿ ಮಾತು ಕಟ್ಟಿಕೊಂಡು ಹೋಗಿದ್ದೆ. ಎರಡನೆಯ ವಾಕ್ಯದ ನಡುವೆಯೇ ಕೆಮ್ಮು ಹತ್ತಿತು. ನೀರು ಕುಡಿದರೂ ನಿಲ್ಲಲಿಲ್ಲ. ಕರ್ಣನ ಅರ್ಥ ಹೇಳುತ್ತಿದ್ದವರು, "ಮದ್ರಾಧಿಪತಿಗೆ ಕುರುಕ್ಷೇತ್ರದ ಧೂಳು ಒಗ್ಗಲಿಲ್ಲವೇ?" ಎಂದರು. ಸಭೆ ನಕ್ಕಿತು. ಭಾಗವತರು ಪರಿಸ್ಥಿತಿ ನೋಡಿ ಮುಂದಿನ ಪದ್ಯ ಎತ್ತಿಕೊಂಡರು. ಧೂಳಿನದ್ದಲ್ಲ, 26 ವರ್ಷಗಳ ಸಿಗರೇಟಿನದ್ದು ಎಂದು ಸಭೆಯಲ್ಲಿ ಹೇಳುವುದು ಹೇಗೆ?

1990ರಲ್ಲಿ ಕಾರ್ಕಳದ ಕಡೆಯಿಂದ ಮುಂಬಯಿಗೆ ಬಂದಾಗ ನನಗೆ 17. ಕೋಟೆ ಪರಿಸರದ ಹೊಟೇಲಿನಲ್ಲಿ ಹಗಲು ಕೆಲಸ, ಸಂಜೆ ಕನ್ನಡ ರಾತ್ರಿಶಾಲೆ. ಶಾಲೆ ಬಿಟ್ಟು ಬಂದ ಮೇಲೆ ಅಡುಗೆಮನೆಯ ಹಿಂದಿನ ಗಲ್ಲಿಯಲ್ಲಿ ದೊಡ್ಡ ಹುಡುಗರು ಒಂದು ಬೀಡಿಯನ್ನು ನಾಲ್ಕು ಜನ ಸೇದುವರು. ನನಗೆ ಆ ವಾಸನೆ ಹೊಸದಲ್ಲ. ನನ್ನಮ್ಮ ಬೀಡಿ ಕಟ್ಟಿ ನಮ್ಮನ್ನು ಸಾಕಿದವಳು. ಮಡಿಲಲ್ಲಿ ಮೊರ, ಮೊರದಲ್ಲಿ ಎಲೆ, ಹೊಗೆಸೊಪ್ಪಿನ ಪುಡಿ, ನೂಲು. ಸಂಜೆ ಕಟ್ಟುಗಳನ್ನು ಬೀಡಿ ಬ್ರಾಂಚಿಗೆ ಮುಟ್ಟಿಸುವ ಕೆಲಸ ನನ್ನದು. ನಮ್ಮ ಮನೆಯಲ್ಲಿ ಯಾರೂ ಬೀಡಿ ಸೇದುತ್ತಿರಲಿಲ್ಲ. ಆದರೂ ಅಮ್ಮನಿಗೆ ಆ ಪುಡಿಯ ಕೆಮ್ಮು ಇತ್ತು. ನಾನು ಸೇದುವುದು ಅವಳಿಗೆ ಕೊನೆಯ ತನಕ ಗೊತ್ತಾಗಲಿಲ್ಲ, ಅಥವಾ ಗೊತ್ತಾದದ್ದನ್ನು ಅವಳು ತೋರಿಸಲಿಲ್ಲ.

ಬೀಡಿಯಿಂದ ಸಿಗರೇಟಿಗೆ, ದಿನಕ್ಕೆ ಎರಡರಿಂದ ಹದಿನೈದಕ್ಕೆ. ಈ ದಾರಿ ಎಲ್ಲರಿಗೂ ಒಂದೇ, ಬೆಳೆಸುವುದಿಲ್ಲ.

ತಾಳಮದ್ದಳೆಯ ಅವಮಾನದ ಮರುತಿಂಗಳು ಎದೆರೋಗದ ವೈದ್ಯರಲ್ಲಿಗೆ ಹೋದೆ. ಸ್ಪೈರೋಮೆಟ್ರಿ ಮಾಡಿಸಿದರು. ಮೂಗಿಗೆ ಕ್ಲಿಪ್ಪು ಹಾಕಿ, ಎದೆ ತುಂಬ ಉಸಿರು ಎಳೆದು, ಇದ್ದ ಬಲವನ್ನೆಲ್ಲ ಹಾಕಿ ಒಂದು ಕೊಳವೆಗೆ ಊದಬೇಕು. ಮೊದಲ ಒಂದು ಸೆಕೆಂಡಿನಲ್ಲಿ ಎಷ್ಟು ಗಾಳಿ ಹೊರಬಿತ್ತು ಎಂಬುದೇ ಮುಖ್ಯ ಲೆಕ್ಕ. ಅದಕ್ಕೆ ಎಫ್‌ಇವಿ-1 ಎನ್ನುತ್ತಾರೆ. ನನ್ನದು 2.21 ಲೀಟರ್. ನನ್ನ ವಯಸ್ಸು, ಎತ್ತರಕ್ಕೆ ಹೆಚ್ಚುಕಡಿಮೆ ಮೂರು ಲೀಟರ್ ಇರಬೇಕಿತ್ತು. ಸಿಒಪಿಡಿ ಶುರುವಾಗಿದೆ, ಸಿಗರೇಟು ಬಿಡಿ ಎಂದರು. ಹಿಂದೆ ಐದು ಸಲ ಬಿಟ್ಟಿದ್ದೆ. ಹೆಚ್ಚೆಂದರೆ ಹನ್ನೊಂದು ದಿನ.

ಆಗ ಪುಣೆಯಲ್ಲಿ ಐಟಿ ಕೆಲಸದಲ್ಲಿದ್ದ ನನ್ನ ಭಾವಮೈದ ಒಂದು ಇ-ಸಿಗರೇಟು ತಂದುಕೊಟ್ಟ. ನೋಡಲು ದಪ್ಪ ಪೆನ್ನು. ಒಳಗೆ ಬ್ಯಾಟರಿ, ಸಣ್ಣ ತಂತಿಯ ಸುರುಳಿ, ಹತ್ತಿ. ನಿಕೋಟಿನ್ ಬೆರೆಸಿದ ದ್ರವ ಹತ್ತಿಗೆ ಇಳಿಯುತ್ತದೆ, ಸುರುಳಿ ಕಾಯುತ್ತದೆ, ದ್ರವ ಆವಿಯಾಗುತ್ತದೆ. ಈಗಿನ ರೂಪದ ಇ-ಸಿಗರೇಟನ್ನು 2003ರ ಹೊತ್ತಿಗೆ ರೂಪಿಸಿದವನು ಚೀನಾದ ಹೋನ್ ಲಿಕ್ ಎಂಬ ಔಷಧತಜ್ಞ. ಅವನೂ ಸಿಗರೇಟು ಬಿಡಲಾಗದೆ ಒದ್ದಾಡಿದವನೇ, ಅವನ ತಂದೆ ತೀರಿಕೊಂಡದ್ದು ಶ್ವಾಸಕೋಶದ ಕ್ಯಾನ್ಸರಿನಿಂದ. ಭಾವಮೈದ ತಂದದ್ದು ಮಾವಿನಹಣ್ಣಿನ ಪರಿಮಳದ್ದು. ಮೊದಲ ಎರಡು ವಾರ ಅದರ ಜೊತೆಗೆ ದಿನಕ್ಕೆ ಮೂರ್ನಾಲ್ಕು ಸಿಗರೇಟನ್ನೂ ಸೇದಿದೆ. ಆಮೇಲೆ ಸಿಗರೇಟು ಪೂರ್ತಿ ನಿಂತಿತು.

ನಿಂತ ಮೇಲೆ ಆದದ್ದನ್ನು ಆದಂತೆಯೇ ಹೇಳಬೇಕು. ಮೊದಲು ಕೆಮ್ಮು ಜಾಸ್ತಿಯಾಯಿತು. ಹೆದರಿದೆ. ಶ್ವಾಸನಾಳದ ಒಳಗೋಡೆಯ ಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ರೋಮಗಳಿವೆ, ಅವು ಕಫವನ್ನು ಮೇಲಕ್ಕೆ ಗುಡಿಸುತ್ತವೆ. ಹೊಗೆ ಅವನ್ನು ಕುಂಠಿತಗೊಳಿಸಿರುತ್ತದೆ. ಹೊಗೆ ನಿಂತರೆ ಅವು ಮತ್ತೆ ಕೆಲಸಕ್ಕೆ ಇಳಿಯುತ್ತವೆ, ಹಳೆಯ ಕಸವೆಲ್ಲ ಹೊರಬೀಳುತ್ತದೆ. ಎರಡು ತಿಂಗಳಲ್ಲಿ ಬೆಳಗ್ಗಿನ ಕಫ ಹೋಯಿತು. ನಾಲಗೆಗೆ ರುಚಿ ಬಂತು. ನಮ್ಮದೇ ಹೊಟೇಲಿನ ಸಾಂಬಾರಿಗೆ ಉಪ್ಪು ಹೆಚ್ಚು ಎಂದು ಭಟ್ಟರೊಡನೆ ಜಗಳವಾಡಿದೆ. ದಾದರಿನ ಸೇತುವೆಯ ಮೆಟ್ಟಿಲುಗಳನ್ನು ನಡುವೆ ಕಂಬ ಹಿಡಿದು ನಿಲ್ಲದೆ ಹತ್ತಿದೆ. ಮರುವರ್ಷದ ತಾಳಮದ್ದಳೆಯಲ್ಲಿ ಅದೇ ಶಲ್ಯ. ಕರ್ಣನಿಗೆ ಬಾಕಿ ಇದ್ದದ್ದನ್ನೆಲ್ಲ ಬಡ್ಡಿ ಸಮೇತ ತೀರಿಸಿದೆ.

ಊರವರಿಗೆ, ಸಂಘದವರಿಗೆ, ಲೋಕಲ್ ಗಾಡಿಯ ಗೆಳೆಯರಿಗೆ, ಸಿಕ್ಕಿದವರಿಗೆಲ್ಲ ಆ ಪೆನ್ನು ತೋರಿಸಿದ್ದೇ ತೋರಿಸಿದ್ದು. ನನ್ನ ಪುಪ್ಪುಸ ಹೊಸದಾಯಿತು ಎಂದು ಹೇಳಿಕೊಂಡು ತಿರುಗಿದೆ.

2017ರ ನವೆಂಬರಿನಲ್ಲಿ ಅದೇ ಉತ್ಸಾಹದಲ್ಲಿ ಮತ್ತೆ ಸ್ಪೈರೋಮೆಟ್ರಿ ಮಾಡಿಸಿದೆ. 2.26 ಲೀಟರ್. ಬರೀ 50 ಮಿಲಿಲೀಟರ್ ಹೆಚ್ಚು, ಒಂದು ಕಟಿಂಗ್ ಚಹಾದಷ್ಟೂ ಇಲ್ಲ! ಯಂತ್ರ ಕೆಟ್ಟಿರಬೇಕು ಎಂದೆ. ವೈದ್ಯರು ನಕ್ಕು, ಚೀಟಿಯ ಹಿಂಬದಿಯಲ್ಲಿ ಇಳಿಜಾರಿನ ಎರಡು ಗೆರೆ ಎಳೆದರು. ಫ್ಲೆಚರ್ ಮತ್ತು ಪೀಟೋ ಎಂಬವರು ಲಂಡನ್ನಿನ ಕೆಲಸಗಾರರನ್ನು ಎಂಟು ವರ್ಷ ಹಿಂಬಾಲಿಸಿ 1977ರಲ್ಲಿ ಪ್ರಕಟಿಸಿದ ಲೆಕ್ಕವಂತೆ ಅದು. 30 ದಾಟಿದ ಮೇಲೆ ಎಲ್ಲರ ಉಸಿರಿನ ಬಲವೂ ವರ್ಷಕ್ಕಿಷ್ಟು ಇಳಿಯುತ್ತದೆ. ಹೊಗೆ ತಾಗುವ ದೇಹವಿದ್ದವನಿಗೆ ಇಳಿಜಾರು ಕಡಿದಾಗುತ್ತದೆ. ಬಿಟ್ಟವನು ಕಳೆದುಕೊಂಡದ್ದನ್ನು ವಾಪಸು ಪಡೆಯುವುದಿಲ್ಲ, ಅವನ ಗೆರೆ ಮತ್ತೆ ಸಾಮಾನ್ಯರ ಇಳಿಜಾರಿಗೆ ಬರುತ್ತದೆ. ಅಮೆರಿಕ, ಕೆನಡಾಗಳಲ್ಲಿ ಸುಮಾರು 5,900 ಧೂಮಪಾನಿಗಳ ಮೇಲೆ ನಡೆದ ಲಂಗ್ ಹೆಲ್ತ್ ಸ್ಟಡಿಯಲ್ಲೂ ಹಾಗೆಯೇ. ಬಿಟ್ಟವರಿಗೆ ಮೊದಲ ವರ್ಷ ಸ್ವಲ್ಪ ಏರಿಕೆ. ಆಮೇಲೆ ಬಿಟ್ಟ ಗಂಡಸರಿಗೆ ವರ್ಷಕ್ಕೆ 30 ಮಿಲಿಲೀಟರ್ ಆಸುಪಾಸಿನ ಇಳಿಕೆ, ಸೇದುತ್ತಲೇ ಇದ್ದವರಿಗೆ ಅದರ ಎರಡು ಪಟ್ಟಿಗೂ ಮಿಕ್ಕಿ.

"ನಿಮಗೆ ಹಿತವಾದದ್ದು ಸುಳ್ಳಲ್ಲ" ಎಂದರು ವೈದ್ಯರು. "ಆದರೆ ಅದು ಬೆಂಕಿ ನಿಂತದ್ದರ ಹಿತ. ಆವಿ ಒಳಗೆ ಹೋದದ್ದರದ್ದಲ್ಲ."

ಈ ಒಂದು ಮಾತು ತಲೆಗೆ ಇಳಿಯಲು ನನಗೆ ಮೂರು ವರ್ಷ ಬೇಕಾಯಿತು. ಸಿಗರೇಟಿನಲ್ಲಿ ಎಲೆ ಉರಿಯುತ್ತದೆ. ಟಾರು, ಕಾರ್ಬನ್ ಮೊನಾಕ್ಸೈಡ್, ಇನ್ನೂ ಸಾವಿರಾರು ರಾಸಾಯನಿಕಗಳು ಹುಟ್ಟುವುದು ಆ ಉರಿಯಿಂದಲೇ. ವೇಪಿನಲ್ಲಿ ಉರಿ ಇಲ್ಲ, ಆದ್ದರಿಂದ ಟಾರಿಲ್ಲ, ಹಾನಿಕರ ವಸ್ತುಗಳೂ ಬಹಳ ಕಡಿಮೆ. ಇಂಗ್ಲೆಂಡಿನ ಸರಕಾರಿ ಆರೋಗ್ಯ ಸಂಸ್ಥೆಯೇ 2015ರಲ್ಲಿ ಇದು ಸಿಗರೇಟಿಗಿಂತ ಸುಮಾರು ಶೇ. 95ರಷ್ಟು ಕಡಿಮೆ ಹಾನಿಕರ ಎಂದಿತ್ತು. ಆ ಅಂಕೆಯ ಬಗ್ಗೆ ವೈದ್ಯಲೋಕದಲ್ಲಿ ಜಗಳ ಇನ್ನೂ ಮುಗಿದಿಲ್ಲ. ಸಿಗರೇಟಿಗಿಂತ ಕಡಿಮೆ ಎಂಬ ಮಾತಿನಲ್ಲಿ ನಾನು 'ಸಿಗರೇಟಿಗಿಂತ' ಎಂಬುದನ್ನು ನುಂಗಿ, ಉಳಿದದ್ದನ್ನು ಊರಿಗೆಲ್ಲ ಹಂಚಿದ್ದೆ. ಸುರುಳಿ ವಿಪರೀತ ಕಾದರೆ ಫಾರ್ಮಾಲ್ಡಿಹೈಡ್ ಹುಟ್ಟುತ್ತದೆ, ಲೋಹದ ಕಣಗಳೂ ಆವಿಯಲ್ಲಿ ಸೇರಬಹುದು. ಅದಕ್ಕಿಂತ ದೊಡ್ಡದು ನಿಕೋಟಿನ್. ಸಿಗರೇಟಿಗಾದರೆ ಹೊಟೇಲಿನಿಂದ ಹೊರಗೆ ಹೋಗಬೇಕಿತ್ತು. ಇದನ್ನು ಗಲ್ಲಾದ ಹಿಂದೆ, ಬಚ್ಚಲಲ್ಲಿ, ಮಲಗುವ ಮುನ್ನ ಹಾಸಿಗೆಯಲ್ಲಿ, ಎಲ್ಲೆಂದರಲ್ಲಿ ಎಳೆಯುತ್ತಿದ್ದೆ. 2019ರಲ್ಲಿ ಪ್ರಕಟವಾದ ಇಂಗ್ಲೆಂಡಿನ ಒಂದು ಅಧ್ಯಯನದಲ್ಲಿ, ಇ-ಸಿಗರೇಟು ಕೊಟ್ಟವರಲ್ಲಿ ಶೇ. 18 ಮಂದಿ ವರ್ಷದ ಕೊನೆಗೂ ಸಿಗರೇಟಿನಿಂದ ದೂರ ಇದ್ದರು. ನಿಕೋಟಿನ್ ಗಮ್, ಪ್ಯಾಚು ಇತ್ಯಾದಿ ಕೊಟ್ಟವರಲ್ಲಿ ಶೇ. 9.9. ವೇಪಿನ ಪರ ಮಾತಾಡುವವರು ಇಲ್ಲಿಗೆ ನಿಲ್ಲಿಸುತ್ತಾರೆ. ಆ ಶೇ. 18ರಲ್ಲಿ ಐದರಲ್ಲಿ ನಾಲ್ಕು ಮಂದಿ ಆಗಲೂ ಇ-ಸಿಗರೇಟು ಎಳೆಯುತ್ತಲೇ ಇದ್ದರು ಎಂಬುದೂ ಅದೇ ಅಧ್ಯಯನದಲ್ಲಿದೆ. ನಾನು ಆ ನಾಲ್ವರಲ್ಲಿ ಒಬ್ಬ.

2019ರ ಸೆಪ್ಟೆಂಬರ್ 18ರಂದು ಕೇಂದ್ರ ಸರಕಾರ ಸುಗ್ರೀವಾಜ್ಞೆ ತಂದು ಇ-ಸಿಗರೇಟಿನ ತಯಾರಿ, ಆಮದು, ಮಾರಾಟ, ದಾಸ್ತಾನು ಎಲ್ಲವನ್ನೂ ನಿಷೇಧಿಸಿತು. ಕರ್ನಾಟಕ 2016ರಲ್ಲೇ ಮಾರಾಟ ನಿಲ್ಲಿಸಿತ್ತು. ಮಾರುವವನಿಗೆ ಮೊದಲ ತಪ್ಪಿಗೆ ಒಂದು ವರ್ಷದ ತನಕ ಜೈಲು, ಒಂದು ಲಕ್ಷದ ತನಕ ದಂಡ. ಬೀಡಿ, ಸಿಗರೇಟು ಮಾತ್ರ ಪಾನ್‌ಬೀಡಾ ಅಂಗಡಿಯಲ್ಲಿ ಎಂದಿನಂತೆ. ಇದರ ನ್ಯಾಯ ನನಗೆ ಇಂದಿಗೂ ಅರ್ಥವಾಗಿಲ್ಲ. ಆದರೆ ನಾನು ಮಾಡಿದ್ದಕ್ಕೆ ಅದು ಸಮಜಾಯಿಷಿಯಲ್ಲ. ಕದ್ದುಮುಚ್ಚಿ ಮಾರುವವರಿಂದ, ಒಳಗೆ ಏನಿದೆಯೆಂದು ಯಾರಿಗೂ ಗೊತ್ತಿಲ್ಲದ ಬಾಟಲಿಗಳನ್ನು ತಂದೆ. ಅದೇ ವರ್ಷ ಅಮೆರಿಕದಲ್ಲಿ ವೇಪ್ ಎಳೆದು ಪುಪ್ಪುಸ ಹಾಳಾಗಿ ಎರಡು ಸಾವಿರಕ್ಕೂ ಹೆಚ್ಚು ಮಂದಿ ಆಸ್ಪತ್ರೆ ಸೇರಿದ್ದರು. ಹೆಚ್ಚಿನವು ಗಾಂಜಾ ಸತ್ವದ, ಕಳ್ಳದಾರಿಯ ಸರಕಿನಿಂದ ಆದವು. ಪತ್ರಿಕೆಯಲ್ಲಿ ಓದಿ ಪುಟ ತಿರುಗಿಸಿದೆ.

2020ರ ಲಾಕ್‌ಡೌನ್. ಡೊಂಬಿವಲಿಯ ನಮ್ಮ ಒಂದು ಬೆಡ್‌ರೂಮಿನ ಮನೆಯಲ್ಲಿ ನಾಲ್ಕು ಜನ. ಹೊಟೇಲು ಮುಚ್ಚಿತ್ತು. ಒಂದು ರಾತ್ರಿ ಎಚ್ಚರವಾದಾಗ ಬಾಲ್ಕನಿಯಿಂದ ಮಾವಿನಹಣ್ಣಿನ ವಾಸನೆ. ನನ್ನ ಪೆನ್ನು ದಿಂಬಿನಡಿಯಲ್ಲಿತ್ತು. ಹೋಗಿ ನೋಡಿದರೆ ಮಗ, ಆಗ ಅವನಿಗೆ 19. ಅವನು ಜನ್ಮದಲ್ಲಿ ಒಂದು ಸಿಗರೇಟು ಮುಟ್ಟಿದವನಲ್ಲ. ಕೈ ಎತ್ತಿದೆ, ಹೊಡೆಯಲಾಗಲಿಲ್ಲ.

"ಇದೇನು ಸಿಗರೇಟಲ್ಲವಲ್ಲ ಅಪ್ಪಾ. ಇದರಿಂದಲೇ ಶ್ವಾಸಕೋಶ ಸರಿಯಾಯಿತು ಅಂತ ನೀವೇ ಎಲ್ಲರ ಹತ್ತಿರ ಹೇಳ್ತೀರಿ."

ಹದಿನೈದು ಸಿಗರೇಟಿನವನು ಆವಿಗೆ ಇಳಿದರೆ ಒಂದು ಮೆಟ್ಟಿಲು ಕೆಳಗೆ ಬಂದ ಹಾಗೆ. ಏನೂ ಇಲ್ಲದವನು ಅದೇ ಆವಿ ಹಿಡಿದರೆ? ವೈದ್ಯರು ಚೀಟಿಯಲ್ಲಿ ಎಳೆದ ಗೆರೆ ಆ ರಾತ್ರಿ ನೆನಪಾಯಿತು. ಚೀಟಿ ಹುಡುಕಿದೆ, ಸಿಗಲಿಲ್ಲ. ಹಳೆಯ ಕ್ಯಾಲೆಂಡರಿನ ಹಿಂದೆ ನಾನೇ ಎಳೆದು ಅವನಿಗೆ ತೋರಿಸಿದೆ. ಅವನು ನೋಡಿ, "ನೀವು ಬಿಡ್ತೀರಾ?" ಎಂದು ಕೇಳಿದ. ಅಷ್ಟೇ.

ಮರುದಿನ 1800-112-356ಕ್ಕೆ ಫೋನು ಮಾಡಿದೆ. ತಂಬಾಕು ಬಿಡುವವರಿಗೆ ಸರಕಾರ ನಡೆಸುವ ಉಚಿತ ಸಹಾಯವಾಣಿ. ಬೆಂಗಳೂರಿನ ನಿಮ್ಹಾನ್ಸ್ ಕೇಂದ್ರದವರು ಕನ್ನಡದಲ್ಲೂ ಮಾತಾಡುತ್ತಾರೆ. ಮೂವತ್ತು ವರ್ಷ ಮುಂಬಯಿಯಲ್ಲಿದ್ದು ಹಿಂದಿ, ಮರಾಠಿ ಎರಡೂ ಬಂದರೂ ಈ ವಿಷಯ ಹೇಳಿಕೊಳ್ಳಲು ನನಗೆ ಕನ್ನಡವೇ ಬೇಕಾಯಿತು. ಬಿಡುವ ದಿನ ಗೊತ್ತುಮಾಡಿಸಿದರು. ನಿಕೋಟಿನ್ ಗಮ್ಮನ್ನು ಎಲೆಯಡಿಕೆಯ ಹಾಗೆ ಜಗಿದು ಬಿಕ್ಕಳಿಕೆ ತರಿಸಿಕೊಂಡೆ. ನಾಲ್ಕು ಸಲ ಜಗಿದು, ಚುರುಗುಟ್ಟಿದಾಗ ದವಡೆಯ ಸಂದಿಯಲ್ಲಿ ಇಟ್ಟುಕೊಳ್ಳಬೇಕು, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಜಗಿಯಬೇಕು. ಆವಿ ಬಿಡುವುದು ಹೊಗೆ ಬಿಡುವುದಕ್ಕಿಂತ ಕಷ್ಟವಾಯಿತು. ಎರಡು ಸಲ ಜಾರಿದೆ. 2021ರ ಯುಗಾದಿಯ ಹೊತ್ತಿಗೆ ಅದೂ ನಿಂತಿತು, ದೀಪಾವಳಿಯ ಹೊತ್ತಿಗೆ ಗಮ್ಮೂ.

2024ರಲ್ಲಿ ಮತ್ತೆ ಊದಿದೆ. 2.05 ಲೀಟರ್. ಇಳಿದಿದೆ, ಆದರೆ ವಯಸ್ಸಿಗೆ ತಕ್ಕ ಇಳಿಜಾರು ಎಂದರು. ಈಗ ಉದ್ದದ ವಾಕ್ಯಗಳನ್ನು ಎರಡಾಗಿ ಒಡೆದು ಶಲ್ಯನ ಅರ್ಥ ಹೇಳುತ್ತೇನೆ. ಯಾರೂ ಗಮನಿಸಿದ ಹಾಗಿಲ್ಲ.

ಮಗನಿಗೆ ಪೊವಾಯಿಯಲ್ಲಿ ಕೆಲಸವಾಗಿದೆ. ಬಿಟ್ಟಿದ್ದೇನೆ ಎನ್ನುತ್ತಾನೆ. ಅವನ ಚೀಲ ನಾನು ನೋಡುವುದಿಲ್ಲ. ಆದರೆ ರಾತ್ರಿ ಅವನು ಫೋನು ಹಿಡಿದು ಬಾಲ್ಕನಿಗೆ ಹೋಗಿ ಬಾಗಿಲು ಎಳೆದುಕೊಂಡನೆಂದರೆ, ನನ್ನ ಮೂಗು ತನ್ನಷ್ಟಕ್ಕೆ ಮಾವಿನಹಣ್ಣಿನ ವಾಸನೆ ಹುಡುಕಲು ಹೊರಡುತ್ತದೆ.