ಕೃಷಿ ಸಹಾಯಧನ: ಗದ್ದೆ ಯಾರದು, ಖಾತೆ ಯಾರದು?

ಉಡುಪಿಗೆ ತಾಗಿಕೊಂಡಿರುವ ಅಂಬಲಪಾಡಿಯಲ್ಲಿ ಹೆದ್ದಾರಿಯ ಬದಿಯಲ್ಲಿ ಮಳಿಗೆಗಳು ಬೆಳೆದಿದ್ದರೂ ಒಳಭಾಗದಲ್ಲಿ ಗದ್ದೆಗಳು ಇನ್ನೂ ಉಳಿದಿವೆ. ಅಂಗಡಿ ನಡೆಸುವವರ ಹೆಸರಿನಲ್ಲಿ ಹಿರಿಯರಿಂದ ಬಂದ ತುಂಡು ಭೂಮಿ ಇರುವುದು ಈ ಭಾಗದಲ್ಲಿ ಅಪರೂಪವಲ್ಲ. ಆದುದರಿಂದ ಕೃಷಿ ಸಹಾಯಧನದ ನಿಯಮಗಳು ವ್ಯಾಪಾರಿಗಳಿಗೂ ಸಂಬಂಧಿಸಿದವುಗಳೇ ಆಗಿವೆ.

ಕೇಂದ್ರ ಸರಕಾರವು 2019ರ ಫೆಬ್ರವರಿ 24ರಂದು ಚಾಲನೆ ನೀಡಿದ ಪಿಎಂ-ಕಿಸಾನ್ ಯೋಜನೆಯಲ್ಲಿ ವರ್ಷಕ್ಕೆ 6,000 ರೂ. ಮೂರು ಕಂತುಗಳಲ್ಲಿ ರೈತರ ಬ್ಯಾಂಕ್ ಖಾತೆಗೆ ನೇರವಾಗಿ ಜಮೆಯಾಗುತ್ತದೆ. ಆರಂಭದಲ್ಲಿದ್ದ ಎರಡು ಹೆಕ್ಟೇರಿನ ಮಿತಿಯನ್ನು ಅದೇ ವರ್ಷ ತೆಗೆದುಹಾಕಲಾಯಿತು. ರಾಜ್ಯ ಸರಕಾರವು 2019ರಲ್ಲಿ ಇದಕ್ಕೆ ಸೇರಿಸಿದ್ದ 4,000 ರೂ. 2023ರಲ್ಲಿ ಸರಕಾರ ಬದಲಾದ ಬಳಿಕ ನಿಂತುಹೋಯಿತು.

ಆರ್‌ಟಿಸಿಯೇ ಆಧಾರ

ಹಣವು ಉಳುವವನನ್ನು ಹುಡುಕಿಕೊಂಡು ಬರುವುದಿಲ್ಲ. ದಾಖಲೆಯಲ್ಲಿರುವ ಹೆಸರನ್ನು ಅನುಸರಿಸುತ್ತದೆ. ಕರಾವಳಿಯಲ್ಲಿ ಬಹಳಷ್ಟು ಭೂಮಿ 1974ರ ಭೂಸುಧಾರಣಾ ತಿದ್ದುಪಡಿಯ ಬಳಿಕ ಗೇಣಿದಾರರ ಹೆಸರಿಗೆ ಬಂದುದು. ಆ ಹಿರಿಯರು ತೀರಿಕೊಂಡ ಮೇಲೂ ಆರ್‌ಟಿಸಿ ಅವರ ಹೆಸರಿನಲ್ಲೇ ಉಳಿದಿದ್ದರೆ, ಪೌತಿ ಖಾತೆಯಾಗದೆ ವಾರಸುದಾರರಿಗೆ ಸಹಾಯಧನ ದೊರೆಯದು. ಅದೇ ಕಾಯ್ದೆಯು ಕೃಷಿಭೂಮಿಯ ಗೇಣಿಯನ್ನು ಬಹುತೇಕ ನಿಷೇಧಿಸಿರುವುದರಿಂದ, ಹಡಿಲು ಬಿದ್ದ ಗದ್ದೆಯನ್ನು ಬಾಯಿಮಾತಿನ ಒಪ್ಪಂದದಲ್ಲಿ ಬೇಸಾಯ ಮಾಡುವವನಿಗೆ ತೋರಿಸಲು ದಾಖಲೆಯೇ ಇಲ್ಲ. ಬೆವರು ಒಬ್ಬನದು, ಕಂತು ಇನ್ನೊಬ್ಬನದು.

ತೆರಿಗೆ ಪಾವತಿಸುವ ಕುಟುಂಬಗಳು

ಹಿಂದಿನ ತೆರಿಗೆ ನಿರ್ಧಾರಣಾ ವರ್ಷದಲ್ಲಿ ಆದಾಯ ತೆರಿಗೆ ಪಾವತಿಸಿದವರು ಈ ಯೋಜನೆಗೆ ಅರ್ಹರಲ್ಲ. ಇಲ್ಲಿ ಕುಟುಂಬವೆಂದರೆ ಪತಿ, ಪತ್ನಿ ಮತ್ತು ಅಪ್ರಾಪ್ತ ವಯಸ್ಸಿನ ಮಕ್ಕಳು. ಗದ್ದೆ ಪತ್ನಿಯ ಹೆಸರಿನಲ್ಲಿದ್ದು, ಅಂಗಡಿಯ ಆದಾಯಕ್ಕೆ ಪತಿ ತೆರಿಗೆ ಕಟ್ಟುತ್ತಿದ್ದರೂ ಆ ಕುಟುಂಬಕ್ಕೆ ಅರ್ಹತೆಯಿಲ್ಲ. ದೇಶದಲ್ಲಿ 42 ಲಕ್ಷಕ್ಕೂ ಅಧಿಕ ಅನರ್ಹರಿಗೆ ಸುಮಾರು 3,000 ಕೋಟಿ ರೂ. ಸಂದಾಯವಾಗಿದ್ದು, ಅದನ್ನು ವಸೂಲು ಮಾಡಬೇಕಾಗಿದೆ ಎಂದು ಕೇಂದ್ರ ಸರಕಾರವು 2021ರ ಜುಲೈಯಲ್ಲಿ ಸಂಸತ್ತಿಗೆ ತಿಳಿಸಿತ್ತು. ತಿಳಿಯದೆ ಪಡೆದವರು ನೋಟಿಸಿಗೆ ಕಾಯದೆ ಯೋಜನೆಯ ಜಾಲತಾಣದ ಮೂಲಕ ಹಣವನ್ನು ಹಿಂತಿರುಗಿಸುವುದು ಲೇಸು.

ಕಂತನ್ನು ನಂಬಿ ಸಾಲ

ಏಣೆಲು ಬೇಸಾಯದ ಉಳುಮೆ, ನೇಜಿ, ಗೊಬ್ಬರದ ಖರ್ಚು ಬರುವುದು ಜೂನ್-ಜುಲೈ ತಿಂಗಳುಗಳಲ್ಲಿ. ಎಪ್ರಿಲ್-ಜುಲೈ ಅವಧಿಯ ಕಂತು 2024ರಲ್ಲಿ ಜೂನ್ 18ರಂದು ಬಿಡುಗಡೆಯಾದರೆ, 2025ರಲ್ಲಿ ಆಗಸ್ಟ್ 2ರವರೆಗೂ ಬರಲಿಲ್ಲ. ಇ-ಕೆವೈಸಿ ಅಥವಾ ಆಧಾರ್ ಜೋಡಣೆ ಬಾಕಿಯಿದ್ದರೆ ಅದೂ ತಡೆಯಾಗುತ್ತದೆ. ಕಂತಿನ ಭರವಸೆಯ ಮೇಲೆ ಗೊಬ್ಬರ, ಬೀಜವನ್ನು ಸಾಲ ಕೊಡುವ ವ್ಯಾಪಾರಿಯು ವಸೂಲಾತಿಯ ಗಡುವನ್ನು ಕೊಯ್ಲಿಗೆ ಹೊಂದಿಸಿಕೊಳ್ಳುವುದು ಹೆಚ್ಚು ಸುರಕ್ಷಿತ.

ಯಂತ್ರ ತಯಾರಕರು ಗಮನಿಸಬೇಕಾದದ್ದು

ಕೃಷಿ ಯಂತ್ರಗಳ ಸಹಾಯಧನದಲ್ಲಿ ಪ್ರಶ್ನೆ ಬೇರೆ. ಜಿಎಸ್‌ಟಿ ಕಾಯ್ದೆಯ 15(2)(ಇ) ಕಲಮಿನ ಪ್ರಕಾರ ಬೆಲೆಗೆ ನೇರವಾಗಿ ಸಂಬಂಧಿಸಿದ ಸಹಾಯಧನವು ತೆರಿಗೆ ಮೌಲ್ಯಕ್ಕೆ ಸೇರುತ್ತದೆ. ಆದರೆ ಕೇಂದ್ರ ಮತ್ತು ರಾಜ್ಯ ಸರಕಾರಗಳು ನೀಡುವ ಸಹಾಯಧನಕ್ಕೆ ವಿನಾಯಿತಿಯಿದೆ. ಉದಾಹರಣೆಗೆ, 1,00,000 ರೂ. ಬೆಲೆಯ ಯಂತ್ರಕ್ಕೆ ಸರಕಾರವು ಮಾರಾಟಗಾರನಿಗೆ 50,000 ರೂ. ಭರಿಸಿ, ರೈತನು ಉಳಿದ 50,000 ರೂ. ಮಾತ್ರ ಕೊಟ್ಟರೆ ತೆರಿಗೆ ಆ ಉಳಿದ ಮೊತ್ತಕ್ಕೆ. ರೈತನೇ ಪೂರ್ತಿ ಬೆಲೆ ತೆತ್ತು, ಬಳಿಕ ಸಹಾಯಧನವನ್ನು ತನ್ನ ಖಾತೆಗೆ ಪಡೆದರೆ ತೆರಿಗೆ ಪೂರ್ತಿ ಬೆಲೆಗೆ. ಬಿಲ್ಲು ಬರೆಯುವ ಮೊದಲು ಹಣ ಯಾರ ಖಾತೆಗೆ ಬರುವುದೆಂದು ಖಚಿತಪಡಿಸಿಕೊಳ್ಳಬೇಕು. ಹೆಚ್ಚಿನ ಕೃಷಿ ಯಂತ್ರಗಳ ಮೇಲಿನ ತೆರಿಗೆ 2025ರ ಸೆಪ್ಟೆಂಬರ್ 22ರಿಂದ ಶೇ. 12ರಿಂದ ಶೇ. 5ಕ್ಕೆ ಇಳಿದಿರುವುದನ್ನೂ ದರಪಟ್ಟಿಯಲ್ಲಿ ಅಳವಡಿಸಿಕೊಳ್ಳಬೇಕು.

ವ್ಯಾಪಾರಿಗಳು ತಮ್ಮ ಕುಟುಂಬದ ಆರ್‌ಟಿಸಿ, ಬ್ಯಾಂಕ್ ಪಾಸ್‌ಪುಸ್ತಕ ಮತ್ತು ಆದಾಯ ತೆರಿಗೆ ವಿವರಪಟ್ಟಿ ಈ ಮೂರನ್ನೂ ಒಮ್ಮೆ ಜೊತೆಯಾಗಿಟ್ಟು ನೋಡುವುದು ಅಗತ್ಯ. ಪೌತಿ ಖಾತೆ ಬಾಕಿಯಿದ್ದಲ್ಲಿ ನಾಡಕಚೇರಿಯಲ್ಲಿ ಅರ್ಜಿ ಸಲ್ಲಿಸಬಹುದು. ರೈತರ ನೋಂದಣಿಗೆ ಹೋಬಳಿಯ ರೈತ ಸಂಪರ್ಕ ಕೇಂದ್ರವನ್ನು ಸಂಪರ್ಕಿಸಬಹುದು.