ಕಣ್ಣಿಗೆ ಕಾಣದ ನೆಟ್‌ವರ್ಕ್ ಕಾರ್ಡು

ಒಂದು ಗಣಕವು ಮತ್ತೊಂದರೊಡನೆ ವ್ಯವಹರಿಸಲು ನೆಟ್‌ವರ್ಕ್ ಕಾರ್ಡು ಬೇಕೆಂಬುದನ್ನು ನಾವು ಬಲ್ಲೆವು. ಆದರೆ ಒಂದೇ ಗಣಕದೊಳಗೆ ಕಲ್ಪಿತವಾದ ಎರಡನೆಯ ಗಣಕವನ್ನು ನಡೆಸುವಾಗ ಅದಕ್ಕೆ ಕಾರ್ಡು ಎಲ್ಲಿಂದ ಬರಬೇಕು? ಲಿನಸ್ ಟೋರ್ವಾಲ್ಡ್ಸ್ ಎಂಬವರು ೧೯೯೧ರಲ್ಲಿ ಆರಂಭಿಸಿದ, ಯುನಿಕ್ಸನ್ನು ಹೋಲುವ ಲಿನಕ್ಸ್ ವ್ಯವಸ್ಥೆಯಲ್ಲಿ ‘ಟನ್’ ಎಂಬ ಚಾಲಕವು ಈ ಕೊರತೆಯನ್ನು ನೀಗುತ್ತದೆ. ಯಾವ ಯಂತ್ರಭಾಗವೂ ಇಲ್ಲದೆಯೇ ಅದು ‘ಟ್ಯಾಪ್’ ಎಂಬ ಕಲ್ಪಿತ ಕಾರ್ಡನ್ನು ನಿರ್ಮಿಸುತ್ತದೆ.

ಇದರ ಕ್ರಮವನ್ನು ನೋಡೋಣ. ಮೊದಲು ‘ರೂಟ್’ ಅಧಿಕಾರದಿಂದ ಚಾಲಕವನ್ನು ಕರ್ನೆಲ್ಲಿಗೆ ಸೇರಿಸಿ, ಕಾರ್ಡನ್ನು ಸೃಷ್ಟಿಸಬೇಕು. ಬಳಿಕ ೧೯೨.೧೬೮.೫೦.೧ ಎಂಬಂತಹ ವಿಳಾಸವನ್ನಿತ್ತು, ಮೊದಲ ಮೂರು ಸಂಖ್ಯೆಗಳೇ ಜಾಲದ ಗುರುತೆಂದು ಸೂಚಿಸಿ, ಅದನ್ನು ಚಾಲನೆಗೆ ತರಬೇಕು. ಆದರೂ ಒಳಗಿನ ಗಣಕವು ತೆರೆದುಕೊಳ್ಳುವವರೆಗೆ ಅದು ತಂತಿ ಸಿಕ್ಕಿಸದ ಕಾರ್ಡಿನಂತೆಯೇ ಇರುವುದು. ಒಳಗಿನದಕ್ಕೆ ೧೯೨.೧೬೮.೫೦.೨ ಎಂಬ ವಿಳಾಸವನ್ನು ಕೊಟ್ಟೆವಾದರೆ ಎರಡೂ ಪರಸ್ಪರ ಮಾತನಾಡತೊಡಗುವುವು.

ಇಲ್ಲೊಂದು ಎಚ್ಚರಿಕೆ ಅವಶ್ಯ. ನಿಜವಾದ ಕಾರ್ಡಿನ ಜಾಲಕ್ಕೂ ಅದೇ ಗುರುತಿದ್ದರೆ, ಒಂದೇ ಹೆಸರಿನ ಎರಡು ಬೀದಿಗಳ ನಡುವೆ ಅಂಚೆಯವನು ದಿಕ್ಕುಗೆಡುವಂತೆ ಸಂದೇಶಗಳು ದಾರಿ ತಪ್ಪುವುವು. ಆದುದರಿಂದ ಬೇರೆ ಗುರುತನ್ನೇ ಆರಿಸಬೇಕು. ಈ ಏರ್ಪಾಡನ್ನು ವ್ಯವಸ್ಥೆಯ ಕಡತದಲ್ಲಿ ಬರೆದಿಡದಿದ್ದರೆ, ಗಣಕವನ್ನು ಆರಿಸಿ ಮತ್ತೆ ಹೊತ್ತಿಸಿದಾಗ ಕಾರ್ಡು ಇಲ್ಲವಾಗಿರುವುದು.

ಎರಡನೆಯ ಗಣಕವನ್ನು ಕೊಳ್ಳಲಾರದ ವಿದ್ಯಾರ್ಥಿಯೂ ಜಾಲದ ವಿದ್ಯೆಯನ್ನು ಹೀಗೆ ಸ್ವತಃ ಅಭ್ಯಾಸ ಮಾಡಬಹುದು. ಇದೇ ಈ ಚಾಲಕದಿಂದ ನಮಗಾಗುವ ದೊಡ್ಡ ಲಾಭ.