ಅಂಗಡಿಯ ಅಂಗಳದಲ್ಲಿ ಒಂದಿರುಳು

ಹಾಸಿಗೆ, ಒಲೆ, ನೀರಿನ ತೊಟ್ಟಿ, ಶೌಚಗೃಹಗಳನ್ನೆಲ್ಲ ಒಡಲಲ್ಲಿರಿಸಿಕೊಂಡು ಅಮೆರಿಕದ ಹೆದ್ದಾರಿಗಳಲ್ಲಿ ಸಂಚರಿಸುವ ಆರ್‌ವಿ ಎಂಬ ಮನೆವಾಹನಗಳ ಪಯಣಿಗರು, ಕತ್ತಲು ಕವಿದಾಗ, ಬಾಡಿಗೆ ತೆರದೆ ತಂಗುವುದಕ್ಕೆ ಬಹುಕಾಲದಿಂದ ಆಶ್ರಯಿಸಿಕೊಂಡು ಬಂದಿರುವುದು ವಾಲ್‌ಮಾರ್ಟ್ ಮಳಿಗೆಗಳ ವಿಶಾಲವಾದ ಪಾರ್ಕಿಂಗ್ ಅಂಗಳವನ್ನು. ವಿದ್ಯುತ್ತನ್ನಾಗಲಿ ನೀರನ್ನಾಗಲಿ ಒದಗಿಸದಿದ್ದರೂ ಆ ಸಂಸ್ಥೆ ಅವರನ್ನು ಒಳ್ಳೆಯ ಗಿರಾಕಿಗಳೆಂದೇ ಬಗೆಯುತ್ತದೆ. ಆದರೆ ಅನುಮತಿ ಕೊಡತಕ್ಕವರು ಆಯಾ ಮಳಿಗೆಯ ಮ್ಯಾನೇಜರು, ಅವರಾದರೂ ಸ್ಥಳಾವಕಾಶಕ್ಕೂ ಊರಿನ ಕಾನೂನಿಗೂ ಅಧೀನರು.

ಹೀಗಾಗಿ ಒಂದೂರಿನಲ್ಲಿ ಸಲ್ಲುವುದು ಮತ್ತೊಂದೂರಿನಲ್ಲಿ ಸಲ್ಲದು. ಪೌರಸಭೆಯೇ ವಾಹನದಲ್ಲಿ ಮಲಗುವುದನ್ನು ನಿಷೇಧಿಸಿರಬಹುದು; ಅಂಗಳವು ಮಳಿಗೆಯದಾಗಿರದೆ ಇಡೀ ವಾಣಿಜ್ಯ ಸಂಕೀರ್ಣದ ಒಡೆಯನದಾಗಿರಬಹುದು; ಒಂದಿರುಳಿಗೆಂದು ಬಂದವರು ವಾರಗಟ್ಟಲೆ ಬೀಡುಬಿಟ್ಟು, ಕುರ್ಚಿಗಳನ್ನು ಹರಡಿ, ಕೊಳಚೆಯನ್ನು ಮಳೆನೀರಿನ ಚರಂಡಿಗೆ ಹರಿಯಬಿಟ್ಟ ಕಹಿ ಅನುಭವವೂ ಇರಬಹುದು. ಅಂತಹ ಕಡೆ ನಿಷೇಧವು ನ್ಯಾಯವಾದುದೇ.

ಅದನ್ನು ಜಾರಿಗೆ ತರುವ ಬಗೆಯಲ್ಲಿ ಕ್ಯಾಲಿಫೋರ್ನಿಯದ ವಾಹನ ಕಾಯಿದೆ ಶ್ಲಾಘ್ಯವಾದ ಎಚ್ಚರ ವಹಿಸಿದೆ. ಖಾಸಗಿ ಅಂಗಳದ ಒಡೆಯನು ಫಲಕವೊಂದರ ಬಲದಿಂದಲೇ ವಾಹನವನ್ನು ಟೋಯಿಂಗ್ ಮಾಡಿಸಬೇಕಾದರೆ, ಆ ಫಲಕವು ಪ್ರವೇಶದ್ವಾರಗಳಲ್ಲೆಲ್ಲ ಸ್ಪಷ್ಟವಾಗಿ ಕಾಣುವಂತಿರಬೇಕು. 17 ಅಂಗುಲಕ್ಕೆ 22 ಅಂಗುಲದ ಅಳತೆಗಿಂತ ಕಿರಿದಾಗಿರಬಾರದು. ಅಕ್ಷರಗಳ ಎತ್ತರ 1 ಅಂಗುಲಕ್ಕೆ ಕಡಿಮೆಯಿರಬಾರದು. ಪೊಲೀಸರ ಮತ್ತು ಟೋಯಿಂಗ್ ಕಂಪೆನಿಯ ದೂರವಾಣಿ ಸಂಖ್ಯೆಗಳು ಅದರಲ್ಲಿರಬೇಕು. ಕೊಕ್ಕೆ ತಗುಲಿಸಿದ ಮೇಲೂ, ವಾಹನ ಅಂಗಳವನ್ನು ದಾಟುವ ಮುನ್ನ ಅದರ ಯಜಮಾನ ಓಡಿಬಂದರೆ, ಅರ್ಧ ಶುಲ್ಕಕ್ಕಿಂತ ಹೆಚ್ಚು ಕೇಳದೆ ಬಿಟ್ಟುಕೊಡತಕ್ಕದ್ದು.

ಆದರೆ ನಡುರಾತ್ರಿಯಲ್ಲಿ ಕಾವಲುಗಾರನು ಕಿಟಕಿಯ ಗಾಜನ್ನು ತಟ್ಟಿದಾಗ ಪರದೆ ಸರಿಸಿ ಇಣುಕುವ ಮುಖ ರಜೆಯ ಪ್ರವಾಸಿಯದೇ ಆಗಿರಬೇಕೆಂದಿಲ್ಲ. ಬಾಡಿಗೆ ತೆರಲಾರದೆ ವಾಹನವನ್ನೇ ಮನೆಮಾಡಿಕೊಂಡ ಕೂಲಿಕಾರನದೋ ವೃದ್ಧೆಯದೋ ಆಗಿರಬಹುದು. ಪ್ರವಾಸಿಗೆ ಮುಂದಿನ ಊರುಂಟು. ಇವರಿಗೆ ವಾಹನ ಹೋಯಿತೆಂದರೆ ಸೂರೇ ಹೋಯಿತು. ನಗರದ ಬೀದಿಗಳಲ್ಲಿ ನಿಲ್ಲಿಸಿದ ವಾಹನದಲ್ಲಿ ವಾಸಿಸಕೂಡದೆಂದು ಲಾಸ್ ಏಂಜಲೀಸ್ 1983ರಲ್ಲಿ ಮಾಡಿದ ಕಟ್ಟಳೆಯನ್ನು, ಅದರ ಅರ್ಥ ತೀರ ಅಸ್ಪಷ್ಟವೆಂಬ ಕಾರಣಕ್ಕಾಗಿ, ಫೆಡರಲ್ ಮೇಲ್ಮನವಿ ನ್ಯಾಯಾಲಯ 2014ರಲ್ಲಿ ತಳ್ಳಿಹಾಕಿತು. ಆದರೆ ಸಾರ್ವಜನಿಕ ಸ್ಥಳಗಳಲ್ಲಿ ಬೀಡುಬಿಡುವವರನ್ನು ದಂಡಿಸುವುದು ಸಂವಿಧಾನವು ವರ್ಜಿಸಿದ ಕ್ರೂರ ಶಿಕ್ಷೆಯಾಗದೆಂದು 2024ರ ಗ್ರ್ಯಾಂಟ್ಸ್ ಪಾಸ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟು ಸಾರಿದ ಮೇಲೆ, ಬೀದಿಯಿಂದ ಹೊರದೂಡಲ್ಪಟ್ಟವರು ಅಂಗಡಿಯ ಅಂಗಳವನ್ನು ಅರಸಿ ಬಂದರೆ ಆಶ್ಚರ್ಯವೇನು?

ಸಾಂಟಾ ಬಾರ್ಬರಾದಲ್ಲಿ ಸೇವಾಸಂಸ್ಥೆಯೊಂದು 2004ರಿಂದ ಚರ್ಚು ಮೊದಲಾದವುಗಳ ಅಂಗಳಗಳನ್ನು ರಾತ್ರಿಯ ಹೊತ್ತಿಗೆ ಕೇಳಿ ಪಡೆದು, ಇಂತಹವರಿಗೆ ಅಲ್ಲಿ ನಿಲ್ಲಲು ಪರವಾನಗಿ ಕೊಟ್ಟು, ಮನೆ ದೊರಕಿಸಿಕೊಳ್ಳುವುದಕ್ಕೂ ನೆರವಾಗುತ್ತಿದೆ. ನಿಷೇಧದ ಫಲಕವನ್ನು ನೆಡುವ ಪ್ರತಿಯೊಂದು ಊರೂ ಅಂತಹ ಅಂಗಳವೊಂದನ್ನು ಏರ್ಪಡಿಸಿ, ಅದರ ವಿಳಾಸವನ್ನು ಇರುಳಿನ ಕಾವಲುಗಾರನ ಕೈಗೆ ಕೊಟ್ಟಿರಬೇಕು.